ಕೀಲಿ ಬಿತ್ತು, ಬಾಗಿಲು ಮುಚ್ಚಿತೆ?

ರಾತ್ರಿ ಊಟವಾಗಿ, ಅಡಿಗೆಮನೆಯ ದೀಪ ಆರಿ, ಹಾಸಿಗೆ ಬಿಚ್ಚಿದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಒಳಗಿನ ಕೋಣೆಯಿಂದ ಒಂದು ದನಿ ತಪ್ಪದೆ ಕೇಳಿಬರುತ್ತದೆ. “ಬಾಗಲಾ ಹಾಕೀಯೇನಪಾ? ಕೀಲಿ ಹಾಕೀಯೇನು?” ಕೇಳುವವರು ಮನೆಯ ಹಿರಿಯರು. ಉತ್ತರ ಕೊಡುವವನು ಅರ್ಧ ನಿದ್ದೆಯಲ್ಲಿರುವ ಮಗ. “ಹಾಕೀನವ್ವಾ” ಎಂಬ ಒಂದೇ ಮಾತಿನಲ್ಲಿ ಅವನು ಎರಡಕ್ಕೂ ಉತ್ತರ ಹೇಳಿ ಮಗ್ಗುಲು ತಿರುಗುತ್ತಾನೆ.

ಆದರೆ ಗಮನಿಸಿ, ಆ ತಾಯಿ ಕೇಳಿದ್ದು ಎರಡು ಪ್ರಶ್ನೆ. ಬಾಗಿಲು ಹಾಕುವುದೆಂದರೆ ಕದವನ್ನು ಚೌಕಟ್ಟಿಗೆ ಸೇರಿಸುವುದು. ಕೀಲಿ ಹಾಕುವುದೆಂದರೆ ಸೇರಿದ ಕದ ಬಿಚ್ಚದಂತೆ ಬಂಧಿಸುವುದು. ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆ ಬೀಗಕ್ಕೆ ಕೀಲಿ ಎಂದೂ, ಅದನ್ನು ತೆಗೆಯುವ ಸಾಧನಕ್ಕೆ ಕೀಲಿಕೈ ಎಂದೂ ಹೆಸರು. ಕೈಯಿಂದ ಕೀಲಿ ಹಾಕುತ್ತಿದ್ದ ಕಾಲದಲ್ಲಿ ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಬೇಕಾದ ಅಗತ್ಯವಿರಲಿಲ್ಲ. ಕದ ಸೇರದಿದ್ದರೆ ಕೊಂಡಿ ಬೀಳದು, ಕೊಂಡಿ ಬೀಳದಿದ್ದರೆ ಕೀಲಿ ಸಿಕ್ಕದು. ಕೀಲಿ ಹಾಕಿದವನು ಬಾಗಿಲನ್ನೂ ಹಾಕಿಯೇ ಇರುತ್ತಿದ್ದ.

ಈಗ ಪಟ್ಟಣದ ಮನೆಗಳಿಗೆ ಸ್ಮಾರ್ಟ್ ಲಾಕ್ ಎಂಬ ಹೊಸ ಕೀಲಿ ಬಂದಿದೆ. ಬೆರಳಿಟ್ಟರೆ ತೆರೆಯುತ್ತದೆ, ಅಂಕಿ ಒತ್ತಿದರೆ ತೆರೆಯುತ್ತದೆ, ಊರಿನಲ್ಲಿ ಇಲ್ಲದಿದ್ದರೂ ಫೋನಿನಿಂದ ತೆರೆಯುತ್ತದೆ, ಮುಚ್ಚುತ್ತದೆ. ಕೊಂಡವರು ಸ್ವಲ್ಪ ದಿನದಲ್ಲೇ ಒಂದು ಪ್ರಶ್ನೆ ಎದುರಿಸುತ್ತಾರೆ. ಇದರ ಜೊತೆಗೆ ಬಾಗಿಲ ಸೆನ್ಸರ್ ಎಂಬ ಇನ್ನೊಂದು ಪುಟ್ಟ ಸಾಧನವನ್ನೂ ಕೊಳ್ಳಬೇಕೆ? ಅಂಗಡಿಯವರು ಬೇಕೆನ್ನುತ್ತಾರೆ. ಮನೆಯ ಯಜಮಾನರು ಇಷ್ಟು ದುಡ್ಡು ಸುರಿದದ್ದು ಸಾಲದೆ ಎನ್ನುತ್ತಾರೆ. ಇಬ್ಬರ ನಡುವೆ ನಿಂತು ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಒಂದು ವರ್ಷ ಮೃಗಶಿರೆಯ ಗಾಳಿ ಬೀಸುತ್ತಿದ್ದ ದಿನಗಳಲ್ಲಿ ಮಾನ್ವಿಯಲ್ಲಿ ಬಂಧುಗಳ ಮನೆಯ ಮದುವೆ. ಎಲ್ಲರೂ ಹೊರಟೆವು. ನಮ್ಮ ಕೀಲಿಯನ್ನು ಅರ್ಧ ನಿಮಿಷದಲ್ಲಿ ತಾನಾಗಿಯೇ ಬೀಳುವಂತೆ ಹೊಂದಿಸಿಟ್ಟಿದ್ದೆವು. ಕಡೆಗೆ ಹೊರಬಂದವರು ಕದ ಎಳೆದರು. ಹೊಸ್ತಿಲ ಬಳಿಯ ಕಾಲೊರಸು ಮಡಿಚಿಕೊಂಡು ಕದಕ್ಕೆ ಸಿಕ್ಕಿದ್ದನ್ನು ಯಾರೂ ನೋಡಲಿಲ್ಲ. ಕದ ನಾಲ್ಕು ಬೆರಳಿನಷ್ಟು ಬಿಟ್ಟುಕೊಂಡೇ ನಿಂತಿತು. ಬಸ್ಸಿನಲ್ಲಿ ಕುಳಿತು ಫೋನು ನೋಡಿದರೆ ‘ಲಾಕ್ ಆಗಿದೆ’ ಎಂದು ಹಸುರು ಅಕ್ಷರ. ನೆಮ್ಮದಿಯಾಗಿ ಊಟ ಮಾಡಿ ಬಂದೆವು. ಸಂಜೆ ಪಕ್ಕದ ಮನೆಯವರ ಕರೆ ಬಂತು. ಗಾಳಿಗೆ ಬಾಗಿಲು ಪೂರಾ ತೆರೆದು, ಓಣಿಯ ಆಡೊಂದು ಪಡಸಾಲೆಗೆ ನುಗ್ಗಿ, ಗೋಡೆಯ ಕ್ಯಾಲೆಂಡರನ್ನು ಆಷಾಢದವರೆಗೂ ತಿಂದು ಮುಗಿಸಿತ್ತು. ಕೀಲಿಯ ಉಕ್ಕಿನ ನಾಲಿಗೆ ಮಾತ್ರ ಗಾಳಿಗೆ ಚಾಚಿಕೊಂಡು, ತಾನು ಮಾಡಬೇಕಾದದ್ದನ್ನು ಮಾಡಿದ್ದೇನೆಂಬಂತೆ ನಿಂತಿತ್ತು.

ಬಂದದ್ದು ಆಡು, ಆದುದರಿಂದ ನಕ್ಕೆವು. ಮನುಷ್ಯರು ಬಂದಿದ್ದರೆ ನಗುತ್ತಿರಲಿಲ್ಲ.

ಕೀಲಿ ಸುಳ್ಳು ಹೇಳಿತೆ? ಇಲ್ಲ. ಅದಕ್ಕೆ ಗೊತ್ತಿದ್ದದ್ದನ್ನು ಹೇಳಿತು. ಸ್ಮಾರ್ಟ್ ಲಾಕಿನ ಒಳಗೆ ಒಂದು ಪುಟ್ಟ ಮೋಟಾರು, ಕೆಲವು ಹಲ್ಲುಗಾಲಿಗಳು, ಅವುಗಳಿಂದ ಹಿಂದಕ್ಕೂ ಮುಂದಕ್ಕೂ ಸರಿಯುವ ಒಂದು ನಾಲಿಗೆ ಇರುತ್ತವೆ. ನಾಲಿಗೆ ಒಳಗಿದೆಯೊ ಹೊರಗಿದೆಯೊ ಎಂಬುದಷ್ಟೇ ಅದರ ಜ್ಞಾನ. ನಾಲಿಗೆ ಚೌಕಟ್ಟಿನ ಮರಕ್ಕೆ ತಗುಲಿ ತಡೆದರೆ ಮೋಟಾರು ತೊಡಕನ್ನು ಅರಿತು ದೂರು ಹೇಳಬಲ್ಲದು. ಬರಿಯ ಗಾಳಿಗೆ ಚಾಚಿದರೆ ಯಾವ ತಡೆಯೂ ಇಲ್ಲ. ನಾಲಿಗೆ ಪೂರಾ ಹೊರಬಂತು, ಆದುದರಿಂದ ‘ಲಾಕ್ ಆಗಿದೆ’. ತಾಯಿಯ ಎರಡನೆಯ ಪ್ರಶ್ನೆಗೆ ಅದು ಸರಿಯಾದ ಉತ್ತರ ಕೊಟ್ಟಿದೆ. ಮೊದಲನೆಯ ಪ್ರಶ್ನೆಯನ್ನು ಅದು ಕೇಳಿಸಿಕೊಂಡೇ ಇಲ್ಲ.

ಆ ಮೊದಲನೆಯ ಪ್ರಶ್ನೆಗೆಂದೇ ಇರುವುದು ಬಾಗಿಲ ಸೆನ್ಸರ್.

ಅಯಸ್ಕಾಂತದ ಸಾಕ್ಷಿ

ಇದರ ರಚನೆ ಬಹು ಸರಳ. ಎರಡು ತುಂಡುಗಳು. ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಅಯಸ್ಕಾಂತವನ್ನು ಗುರುತಿಸುವ ಭಾಗ. ಒಂದನ್ನು ಕದಕ್ಕೂ ಮತ್ತೊಂದನ್ನು ಚೌಕಟ್ಟಿಗೂ ಅಂಟಿಸುತ್ತಾರೆ. ಕದ ಮುಚ್ಚಿದಾಗ ಎರಡೂ ಹತ್ತಿರ ಬರುತ್ತವೆ, ತೆರೆದಾಗ ದೂರವಾಗುತ್ತವೆ. ಹತ್ತಿರವಿದ್ದರೆ ‘ಮುಚ್ಚಿದೆ’, ದೂರವಿದ್ದರೆ ‘ತೆರೆದಿದೆ’. ಇಷ್ಟೆ.

ಗುರುತಿಸುವ ಭಾಗದಲ್ಲಿ ಬಹುಮಟ್ಟಿಗೆ ಇರುವುದು ರೀಡ್ ಸ್ವಿಚ್ ಎಂಬ ಸಣ್ಣ ಗಾಜಿನ ಕೊಳವೆ. ಹಾರ್ಮೋನಿಯಮ್ಮಿನ ರೀಡನ್ನು ನೀವು ನೋಡಿರಬಹುದು. ಅದರಂತೆ ತೆಳುವಾದ, ಕಬ್ಬಿಣ ಮತ್ತು ನಿಕ್ಕಲ್ ಬೆರೆಸಿ ಮಾಡಿದ ಎರಡು ಪಟ್ಟಿಗಳು ಆ ಕೊಳವೆಯೊಳಗೆ ಎದುರುಬದುರಾಗಿ, ಕೂದಲೆಳೆಯಷ್ಟು ಅಂತರದಲ್ಲಿರುತ್ತವೆ. ಅಯಸ್ಕಾಂತ ಸಮೀಪಿಸಿದಾಗ ಪಟ್ಟಿಗಳು ಒಂದನ್ನೊಂದು ಸೆಳೆದು ಕೂಡಿಕೊಳ್ಳುತ್ತವೆ, ವಿದ್ಯುತ್ತು ಹರಿಯುತ್ತದೆ. ದೂರವಾದಾಗ ಬಿಟ್ಟುಕೊಳ್ಳುತ್ತವೆ, ಹರಿವು ನಿಲ್ಲುತ್ತದೆ. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಡಬ್ಲ್ಯು. ಬಿ. ಎಲ್‌ವುಡ್ ಎಂಬವರು 1936ರಲ್ಲಿ ರೂಪಿಸಿದ ಈ ಸ್ವಿಚ್ಚು ಮುಂದೆ ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಹಳವಾಗಿ ಬಳಕೆಯಾಯಿತು. ಗಾಜಿನೊಳಗೆ ಮುಚ್ಚಿಟ್ಟದ್ದರಿಂದ ನಮ್ಮೂರಿನ ಧೂಳೂ ತೇವವೂ ಪಟ್ಟಿಗಳನ್ನು ಮುಟ್ಟುವುದಿಲ್ಲ. ಇನ್ನು ಕೆಲವು ಕೀಲಿಗಳು ಅಯಸ್ಕಾಂತದ ಬಲವನ್ನೇ ಅಳೆಯುವ ಬೇರೊಂದು ಬಗೆಯ ಭಾಗವನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಅವಕ್ಕೆ ಚೌಕಟ್ಟಿನ ಮೇಲೆ ಒಂದು ಅಯಸ್ಕಾಂತ ಅಂಟಿಸಿದರೆ ಸಾಕು.

ಕಂಡದ್ದನ್ನು ಈ ಸೆನ್ಸರ್ ಹೇಳುವುದು ರೇಡಿಯೊ ಅಲೆಗಳ ಮೂಲಕ. ರೇಡಿಯೊ ಕೇಳುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅದೊಂದು ಬಹು ಪುಟ್ಟ ಪ್ರಸಾರ ಕೇಂದ್ರ. ಎಫ್.ಎಂ. ಪ್ರಸಾರದ ಅಲೆ ಸೆಕೆಂಡಿಗೆ ಸುಮಾರು 10 ಕೋಟಿ ಸಲ ಕಂಪಿಸಿದರೆ, ಇಂತಹ ಹೆಚ್ಚಿನ ಸಾಧನಗಳ ಅಲೆ ಸುಮಾರು 240 ಕೋಟಿ ಸಲ ಕಂಪಿಸುತ್ತದೆ. ಶಕ್ತಿ ಮಾತ್ರ ಅತ್ಯಲ್ಪ. ಗುಂಡಿಯಾಕಾರದ ಒಂದು ಸೆಲ್ಲಿನಿಂದ ಒಂದೆರಡು ವರ್ಷ ನಡೆಯಬೇಕಾದುದರಿಂದ ಅದು ಪಿಸುಮಾತಿನಲ್ಲೇ ಮಾತನಾಡುತ್ತದೆ. ಆ ಪಿಸುಮಾತನ್ನು ಕೀಲಿಯೊ, ಮನೆಯ ವೈ-ಫೈ ಪೆಟ್ಟಿಗೆಯೊ ಕೇಳಿಸಿಕೊಂಡು ನಿಮ್ಮ ಫೋನಿಗೆ ಮುಟ್ಟಿಸಬೇಕು. ಪ್ರಸಾರ ಎಷ್ಟು ಚೆನ್ನಾಗಿದ್ದರೇನು, ಕೇಳುವವರ ರೇಡಿಯೊ ಆರಿದ್ದರೆ ಅದು ಯಾರಿಗೂ ತಲುಪದಲ್ಲವೆ? ಈ ಮಾತನ್ನು ನೆನಪಿನಲ್ಲಿಡಿ. ನಮ್ಮ ತೀರ್ಮಾನ ಇದರ ಮೇಲೆಯೇ ನಿಲ್ಲುತ್ತದೆ.

ಏನು ಮಾಡುತ್ತದೆ, ಏನು ಮಾಡದು

ಸೆನ್ಸರ್ ಸೇರಿಸುವುದರಿಂದ ಸಿಕ್ಕುವ ಪ್ರಯೋಜನಗಳು ಮುಖ್ಯವಾಗಿ ಮೂರು.

ಮೊದಲನೆಯದು, ಕೀಲಿ ಗಾಳಿಗೆ ನಾಲಿಗೆ ಚಾಚುವುದು ತಪ್ಪುತ್ತದೆ. ಕದ ಚೌಕಟ್ಟಿಗೆ ಸೇರಿದ್ದನ್ನು ತಿಳಿದ ಮೇಲೆಯೇ ಅದು ಬೀಳುತ್ತದೆ. ಇದರಿಂದ ಇನ್ನೊಂದು ಲಾಭವೂ ಉಂಟು. ನಾಲಿಗೆ ಹೊರಗಿರುವಾಗ ಯಾರಾದರೂ ಕದವನ್ನು ಜೋರಾಗಿ ಎಳೆದರೆ ಚೌಕಟ್ಟಿನ ಮರ ಸೀಳುತ್ತದೆ, ಮೋಟಾರಿಗೂ ಪೆಟ್ಟು. ಅದು ನಿಲ್ಲುತ್ತದೆ.

ಎರಡನೆಯದು, ಬಾಗಿಲು ಐದು ಹತ್ತು ನಿಮಿಷ ತೆರೆದೇ ಉಳಿದರೆ ಫೋನಿಗೆ ಸುದ್ದಿ ಬರುತ್ತದೆ. ಹಾಲಿನವರಿಗೆ ತೆರೆದು ಮುಚ್ಚಲು ಮರೆತ ಬಾಗಿಲು, ಮಕ್ಕಳು ಶಾಲೆಯಿಂದ ಬಂದು ಚೀಲ ಎಸೆದು ಆಟಕ್ಕೆ ಓಡಿದಾಗ ಬಿಟ್ಟುಹೋದ ಬಾಗಿಲು, ಇವೆಲ್ಲ ಈ ಲೆಕ್ಕಕ್ಕೆ ಬರುತ್ತವೆ.

ಮೂರನೆಯದು, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದರೆ ಕೂಡಲೆ ತಿಳಿಯುತ್ತದೆ. ಕೀಲಿಯನ್ನು ಸರಿಯಾದ ಅಂಕಿಯಿಂದ ತೆರೆಯಲಿ, ಒಳಗಿನಿಂದ ಚಿಲಕ ತೆಗೆಯಲಿ, ಕದ ಅಲುಗಿತು ಎಂಬುದು ಗೊತ್ತಾಗುತ್ತದೆ.

ಮಾಡಲಾರದ ಸಂಗತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ತೆರೆದ ಕದವನ್ನು ಅದು ಮುಚ್ಚಲಾರದು. ಬಂದವರು ಯಾರೆಂದು ಹೇಳಲಾರದು. ಕಳ್ಳನನ್ನು ತಡೆಯಲಾರದು. ಹಿತ್ತಲ ಬಾಗಿಲಿನ ವಿಚಾರ ಅದಕ್ಕೆ ತಿಳಿಯದು. ರಾಯಚೂರಿನವರು ಕೋಟೆಯ ನೆರಳಿನಲ್ಲಿ ಬಾಳಿದವರು. 1294ರ ಶಾಸನವಿರುವ ಆ ಕೋಟೆಗೆ ನವರಂಗಿ ದರವಾಜ, ಕಾಟಿ ದರವಾಜ, ಮೆಕ್ಕಾ ದರವಾಜಗಳೆಂಬ ಭಾರಿ ಬಾಗಿಲುಗಳಿವೆ. ಆದರೂ 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಸೈನಿಕರು ಗುದ್ದಲಿ ಹಾರೆಗಳಿಂದ ಗೋಡೆಯ ಕಲ್ಲನ್ನೇ ಕಿತ್ತರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಬಾಗಿಲು ಎಷ್ಟು ಭದ್ರವಾಗಿದ್ದರೂ ಬರುವವನು ಬೇರೆ ಕಡೆಯಿಂದ ಬರಬಹುದು. ಹಿತ್ತಲ ಬಾಗಿಲಿಗೆ ಸಡಿಲ ಚಿಲಕ ಬಿಟ್ಟು ಮುಂಬಾಗಿಲಿಗೆ ಸೆನ್ಸರ್ ಅಂಟಿಸುವುದು ಬುದ್ಧಿವಂತಿಕೆಯಲ್ಲ. ಆ ದುಡ್ಡನ್ನು ಮೊದಲು ಹಿತ್ತಲಿನ ಅಗುಳಿಗೆ ಹಾಕಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕೊಳ್ಳುವ ಮುನ್ನ ನಿಮ್ಮ ಬಾಗಿಲನ್ನು ನೋಡಿ

ಮೊದಲು ನಿಮ್ಮ ಕೀಲಿಯಲ್ಲೇ ಈ ಏರ್ಪಾಡು ಇದೆಯೇ ಎಂದು ಪರೀಕ್ಷಿಸಿ. ಕದದ ದಪ್ಪದೊಳಗೆ ಕೊರೆದು ಕೂಡಿಸುವ ಎಷ್ಟೋ ಕೀಲಿಗಳಲ್ಲಿ ನಾಲಿಗೆಯ ಪಕ್ಕ ಇನ್ನೊಂದು ಸಣ್ಣ ಗೂಟವಿರುತ್ತದೆ. ಕದ ಚೌಕಟ್ಟಿಗೆ ಸೇರಿದಾಗ ಅದು ಒಳಕ್ಕೆ ಅದುಮಿ, ಬಾಗಿಲು ಮುಚ್ಚಿತೆಂದು ಕೀಲಿಗೆ ತಿಳಿಸುತ್ತದೆ. ಅಂತಹ ಕೀಲಿ ನಿಮ್ಮಲ್ಲಿದ್ದರೆ ಗಾಳಿಗೆ ನಾಲಿಗೆ ಚಾಚುವ ಭಯವಿಲ್ಲ. ಪರೀಕ್ಷೆ ಸುಲಭ. ಕದ ತೆರೆದಿಟ್ಟು ಎರಡು ನಿಮಿಷ ಕಾದು ನೋಡಿ. ನಾಲಿಗೆ ತಾನಾಗಿ ಹೊರಬಂದರೆ ನಿಮ್ಮ ಕೀಲಿ ಕುರುಡು. ಬಾರದಿದ್ದರೆ ಅದಕ್ಕೆ ಕಣ್ಣಿದೆ.

ಎರಡನೆಯದಾಗಿ, ಕೊಳ್ಳುವ ಸೆನ್ಸರಿನ ಮಾತು ನಿಮ್ಮ ಕೀಲಿಗೆ ಅರ್ಥವಾಗುತ್ತದೆಯೇ ಎಂದು ಕೇಳಿ. ಬೇರೊಂದು ತಯಾರಿಕೆಯ ಸೆನ್ಸರ್ ನಿಮ್ಮ ಫೋನಿಗೆ ಸುದ್ದಿ ಹೇಳಬಹುದು. ಆದರೆ ಕೀಲಿ ಆ ಸುದ್ದಿಯನ್ನು ಕೇಳದೆ ಮೊದಲಿನಂತೆ ಗಾಳಿಗೆ ನಾಲಿಗೆ ಚಾಚುತ್ತಲೇ ಇರಬಹುದು. ನಿಮಗೆ ಬೇಕಾದದ್ದು ಬರಿಯ ಸುದ್ದಿಯಾದರೆ ಯಾವುದಾದರೂ ಸರಿ. ಕೀಲಿಯ ನಡತೆಯೇ ಬದಲಾಗಬೇಕಾದರೆ ಎರಡೂ ಒಂದೇ ಕುಟುಂಬದವಾಗಿರಬೇಕು.

ಮೂರನೆಯದು ಬಾಗಿಲಿನ ಜಾತಕ. ನಮ್ಮ ಹಳೆಯ ಮನೆಗಳ ತಲೆಬಾಗಿಲು ಎರಡು ಕದದ್ದು. ಒಂದು ಕದವನ್ನು ಮೇಲೆ ಕೆಳಗೆ ಚಿಲಕ ಹಾಕಿ ನಿಲ್ಲಿಸಿ ಇನ್ನೊಂದನ್ನು ಓಡಾಟಕ್ಕೆ ಬಳಸುತ್ತೇವೆ. ಇಲ್ಲಿ ಸೆನ್ಸರನ್ನು ಕದ ಮತ್ತು ಚೌಕಟ್ಟಿನ ನಡುವೆ ಇಟ್ಟರೆ ಮತ್ತೊಂದು ಕದ ತೆರೆದದ್ದು ತಿಳಿಯುವುದಿಲ್ಲ. ಒಂದು ತುಂಡನ್ನು ಒಂದು ಕದಕ್ಕೂ ಇನ್ನೊಂದನ್ನು ಮತ್ತೊಂದು ಕದಕ್ಕೂ ಅಂಟಿಸಿದರೆ ಯಾವುದು ತೆರೆದರೂ ಗೊತ್ತಾಗುತ್ತದೆ. ಎರಡು ತುಂಡುಗಳ ಅಂತರ ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್ ಮೀರಬಾರದು. ಮಳೆಗಾಲಕ್ಕೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಹಳೆಯ ತಿರುಗಣಿ ಸವೆದು ಕದ ಜೋಲುತ್ತದೆ. ಅಂತರ ಅಂಚಿನಲ್ಲಿದ್ದರೆ ಇಂದು ಮುಚ್ಚಿದ ಬಾಗಿಲನ್ನು ನಾಳೆ ತೆರೆದಿದೆ ಎಂದೀತು. ಕಬ್ಬಿಣದ ಬಾಗಿಲು ಅಥವಾ ಗ್ರಿಲ್ಲಿಗೆ ಅಂಟಿಸುವುದಾದರೆ ಇನ್ನೂ ಎಚ್ಚರ ಬೇಕು. ಕಬ್ಬಿಣ ಅಯಸ್ಕಾಂತದ ಬಲವನ್ನು ಬೇರೆ ಕಡೆಗೆ ಸೆಳೆಯುತ್ತದೆ, ರೇಡಿಯೊ ಅಲೆಗೂ ಅಡ್ಡ ನಿಲ್ಲುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಪಡುವಣಕ್ಕೆ ಮುಖ ಮಾಡಿದ ಕಬ್ಬಿಣದ ಕದ ಮುಟ್ಟಲಾರದಷ್ಟು ಕಾಯುತ್ತದೆ. ಸೆಲ್ಲಿನ ಆಯುಸ್ಸೂ ಅಂಟಿನ ಹಿಡಿತವೂ ಅಲ್ಲಿ ಬೇಗ ಮುಗಿಯುತ್ತವೆ. ತಿರುಪಿನಿಂದ ಬಿಗಿಯುವಂತಹದನ್ನು ಆರಿಸಿ, ಒಳಮಗ್ಗುಲಿನಲ್ಲಿ ಕೂಡಿಸಿ.

ಮೂರು ಊರು, ಮೂರು ತೀರ್ಮಾನ

ಈಗ ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ.

ಮೊದಲನೆಯ ಮನೆ ರಾಯಚೂರು ನಗರದಲ್ಲಿದೆ. ಗಂಡಹೆಂಡತಿ ಇಬ್ಬರೂ ನೌಕರಿಗೆ ಹೋಗುವವರು. ಮಕ್ಕಳು ಮಧ್ಯಾಹ್ನ ಬಂದು ಅಂಕಿ ಒತ್ತಿ ಒಳಗೆ ಹೋಗುತ್ತಾರೆ. ಕೆಲಸದವರು, ಹಾಲಿನವರು, ಕೊರಿಯರಿನವರು ಎಂದು ದಿನಕ್ಕೆ ಹತ್ತಾರು ಸಲ ಬಾಗಿಲು ಆಡುತ್ತದೆ. ಕೀಲಿ ಕುರುಡಾಗಿದ್ದರೆ ಈ ಮನೆಗೆ ಸೆನ್ಸರ್ ಬೇಕು. ಬಾಗಿಲು ತೆರೆದೇ ಉಳಿದಿದೆ ಎಂಬ ಸುದ್ದಿ ಬಂದ ಕೂಡಲೆ ತಾಯಿ ಫೋನು ಮಾಡಿ, “ಏ ಪುಟ್ಟಾ, ಬಾಗಲಾ ಹಾಕು” ಎನ್ನಬಲ್ಲಳು. ಹೇಳಿದ್ದನ್ನು ಮಾಡಲು ಮನೆಯಲ್ಲಿ ಒಬ್ಬರಿದ್ದಾರೆ. ಇಲ್ಲಿ ಪ್ರಸಾರಕ್ಕೆ ಕೇಳುವವರಿದ್ದಾರೆ.

ಎರಡನೆಯ ಮನೆ ದೇವದುರ್ಗದಲ್ಲಿದೆ. ಮಗ ಬೆಂಗಳೂರಿನಲ್ಲಿ. ತಂದೆತಾಯಿ ವರ್ಷಕ್ಕೆ ನಾಲ್ಕು ತಿಂಗಳು ಅವನ ಬಳಿ ಹೋಗಿ ಇರುತ್ತಾರೆ, ಮನೆಗೆ ಕೀಲಿ. ಹೋಗುವಾಗ ಜಾಣರು ಮೇನ್ ಸ್ವಿಚ್ಚು ತೆಗೆಯುತ್ತಾರೆ. ತೆಗೆದ ಗಳಿಗೆಯಲ್ಲಿ ವೈ-ಫೈ ಪೆಟ್ಟಿಗೆ ಆರುತ್ತದೆ. ಸೆನ್ಸರ್ ತನ್ನ ಸೆಲ್ಲಿನ ಬಲದಿಂದ ಎಚ್ಚರವಾಗಿದ್ದರೂ ಅದರ ಪಿಸುಮಾತನ್ನು ಬೆಂಗಳೂರಿಗೆ ಒಯ್ಯುವವರಿಲ್ಲ. ಒಯ್ದರೂ, ಐನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವವರು ನಡುರಾತ್ರಿ ಎದ್ದು ಮಾಡುವುದೇನು? ಈ ಮನೆಗೆ ಸೆನ್ಸರ್ ಬೇಡ. ಆ ತಾಲೂಕಿನ ಬಡವರು ದುಡಿಮೆ ಹುಡುಕಿ ದೂರದ ನಗರಗಳಿಗೆ ಗುಳೆ ಹೋಗುವಾಗ ಮಾಡುವ ಏರ್ಪಾಡಿನಲ್ಲಿ ದೊಡ್ಡ ತಿಳಿವಳಿಕೆಯಿದೆ. ಗಟ್ಟಿ ಕೊಂಡಿ, ದಪ್ಪ ಕೀಲಿ, ಮೇಲೆ ನೆರೆಮನೆಯವರಿಗೆ ಒಂದು ಮಾತು. ಪಟ್ಟಣದವರು ಇದಕ್ಕೆ ಇನ್ನೊಂದನ್ನು ಸೇರಿಸಬಹುದು, ಬಹಳ ದಿನಕ್ಕೆ ಹೋಗುವಾಗ ಪೊಲೀಸ್ ಠಾಣೆಗೆ ತಿಳಿಸಿ ಹೋಗುವುದು. ನೆರೆಯವರ ಕಣ್ಣಿಗೆ ಸೆಲ್ಲು ಬದಲಿಸಬೇಕಾಗಿಲ್ಲ.

ಮೂರನೆಯ ಮನೆ ಮಾನ್ವಿಯಲ್ಲಿದೆ. ಇದೇ ಕಷ್ಟದ ಪ್ರಶ್ನೆ. ಎಪ್ಪತ್ತೈದು ದಾಟಿದ ತಾಯಿ ಹಳೆಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಮಗ ಸುಮಾರು 45 ಕಿಲೋಮೀಟರ್ ದೂರದ ರಾಯಚೂರಿನಲ್ಲಿ. “ಅವ್ವಗ ಒಂದು ಸೆನ್ಸರ್ ಹಾಕಿಸಿಬಿಟ್ರೆ ನನಗೂ ನಿಶ್ಚಿಂತಿ” ಎಂದು ಅವನು ಯೋಚಿಸುತ್ತಾನೆ. ಇಲ್ಲಿ ಎರಡು ಬಗೆಯ ತಾಯಂದಿರನ್ನು ಬೇರೆ ಬೇರೆಯಾಗಿ ಕಾಣಬೇಕು.

ಒಬ್ಬರು ಬುದ್ಧಿಯಲ್ಲಿ ಚುರುಕಾಗಿರುವವರು. ಬೆಳಿಗ್ಗೆ ಐದಕ್ಕೆ ಎದ್ದು, ಬಾಗಿಲಿಗೆ ನೀರು ಹಾಕಿ, ಜಗನ್ನಾಥದಾಸರ ಮಂದಿರಕ್ಕೆ ಹೋಗಿ ಬರುವವರು. ಅವರ ಬಾಗಿಲಿಗೆ ಸೆನ್ಸರ್ ಹಾಕಿದರೆ ಮಗನಿಗೆ ದಿನವೂ ಪಟ್ಟಿ ಸಿಕ್ಕುತ್ತದೆ. ಐದೂ ಹತ್ತಕ್ಕೆ ತೆರೆಯಿತು, ಏಳಕ್ಕೆ ತೆರೆಯಿತು, ಮಧ್ಯಾಹ್ನ ಮೂರು ಸಲ ತೆರೆಯಿತು. ಸಂಜೆ ಫೋನಿನಲ್ಲಿ ಅವನು, “ಮಧ್ಯಾಹ್ನ ಎಲ್ಲಿಗೆ ಹೋಗಿದ್ದಿ?” ಎಂದು ಕೇಳತೊಡಗುತ್ತಾನೆ. ಅರವತ್ತು ವರ್ಷ ಆ ಹೊಸ್ತಿಲನ್ನು ಆಳಿದ ಹೆಂಗಸು ಅದೇ ಹೊಸ್ತಿಲಿನಲ್ಲಿ ಲೆಕ್ಕ ಒಪ್ಪಿಸುವವಳಾಗುತ್ತಾಳೆ. ಇದು ರಕ್ಷಣೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಕಂಪನಿಗಳನ್ನು ಕಟ್ಟಿಹಾಕುತ್ತದೆ, ಆದರೆ ಮನೆಯ ಬಳಕೆಗಾಗಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ತಾಯಿಯ ಬಾಗಿಲನ್ನು ಮಗ ಕಾಯುವಲ್ಲಿ ಕಾನೂನು ನಡುವೆ ಬರುವುದಿಲ್ಲ. ಬರಬೇಕಾದದ್ದು ಮರ್ಯಾದೆ. ಆದುದರಿಂದ ಮೊದಲು ಅವರನ್ನೇ ಕೇಳಿ. ಒಪ್ಪಿದರೆ ಹಾಕಿಸಿ, ಆದರೆ ಪಟ್ಟಿ ಬೇಡ. ರಾತ್ರಿ ಹತ್ತರ ಮೇಲೆ ಬಾಗಿಲು ತೆರೆದೇ ಉಳಿದರೆ ಮಾತ್ರ ಸುದ್ದಿ ಬರಲಿ. ಒಪ್ಪದಿದ್ದರೆ ಆ ಮಾತನ್ನು ಅಲ್ಲಿಗೇ ಬಿಡಿ.

ಇನ್ನೊಬ್ಬರು ಮರೆವಿನ ಕಾಯಿಲೆಗೆ ಸಿಕ್ಕಿದವರು. ನಡುರಾತ್ರಿ ಎರಡಕ್ಕೆ ಎದ್ದು, “ತವರಿಗೆ ಹೋಗಬೇಕು, ಬಂಡಿ ಬಂದದ” ಎಂದು ಬಾಗಿಲು ತೆರೆದು ಹೊರಟುಬಿಡುವವರು. ಇಂತಹವರು ರಾತ್ರಿ ಒಬ್ಬರೇ ಇರಬಾರದೆಂಬುದು ಮೊದಲ ಮಾತು. ಜೊತೆಗೆ ಯಾರಾದರೂ ಮಲಗುವ ಏರ್ಪಾಡಾದ ಮೇಲೆ ಸೆನ್ಸರ್ ನಿಜವಾಗಿ ಉಪಕಾರಿ. ಆದರೆ ಅದರ ಸುದ್ದಿ ರಾಯಚೂರಿನ ಮಗನಿಗೆ ಮಾತ್ರ ಹೋದರೆ ಪ್ರಯೋಜನ ಸ್ವಲ್ಪ. ಅವನು ಗಾಡಿ ಹತ್ತಿ ಬರುವುದಕ್ಕೆ ಒಂದು ಗಂಟೆ ಬೇಕು, ಅಷ್ಟರಲ್ಲಿ ವಯಸ್ಸಾದವರು ಹೆದ್ದಾರಿಗೆ ಹೋಗಿರಬಹುದು. ಗಂಟೆ ಬಾರಿಸಬೇಕಾದದ್ದು ಅದೇ ಮನೆಯ ಒಳಗೆ, ಪಕ್ಕದಲ್ಲಿ ಮಲಗಿದವರ ಕಿವಿಗೆ. ಬಾಗಿಲು ತೆರೆದಾಗ ಮನೆಯೊಳಗೇ ಸದ್ದು ಮಾಡುವಂತಹ ಸೆನ್ಸರನ್ನು ಆರಿಸಿ, ನೆರೆಮನೆಯವರ ಫೋನಿಗೂ ಸುದ್ದಿ ಹೋಗುವಂತೆ ಮಾಡಿ. ಹೊರಗೆ ಹೋದವರು ಕಾಣದಿದ್ದರೆ ಬೆಳಗಾಗಲೆಂದು ಕಾಯದೆ 112ಕ್ಕೆ ಕರೆ ಮಾಡಿ.

ಇಲ್ಲಿ ಒಂದು ಎಚ್ಚರಿಕೆ. ಅವರು ಹೊರಗೆ ಹೋಗದಿರಲೆಂದು ಒಳಗಿನಿಂದಲೂ ತೆರೆಯಲಾಗದ ಹಾಗೆ ಕೀಲಿ ಹಾಕಬೇಡಿ. ರಾತ್ರಿ ಬೆಂಕಿ ಹೊತ್ತಿದರೆ, ಅಡಿಗೆಯ ಗ್ಯಾಸು ಸೋರಿದರೆ ಆ ಬಾಗಿಲೇ ಯಮನಾಗುತ್ತದೆ. ಯಾವ ಸ್ಮಾರ್ಟ್ ಲಾಕೇ ಆಗಲಿ, ಕರೆಂಟಿಲ್ಲದೆ, ಸೆಲ್ಲಿಲ್ಲದೆ, ಫೋನಿಲ್ಲದೆ ಒಳಗಿನಿಂದ ಕೈಯಲ್ಲಿ ತಿರುಗಿಸಿ ತೆರೆಯುವಂತಿರಬೇಕು. ತೆರೆದದ್ದು ನಮಗೆ ತಿಳಿಯಲಿ ಎಂದು ಸೆನ್ಸರ್ ಇಡುತ್ತೇವೆ, ತೆರೆಯದಿರಲಿ ಎಂದಲ್ಲ.

ಕರೆಂಟು, ಸೆಲ್ಲು, ಕೀಲಿಕೈ

ರಾಯಚೂರಿನ ಶಕ್ತಿನಗರದ ಸ್ಥಾವರ 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿ, ಕ್ರಮೇಣ ಎಂಟು ಘಟಕಗಳಾಗಿ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಹಾಗೆಂದು ನಮ್ಮ ಓಣಿಯಲ್ಲಿ ಕರೆಂಟು ಹೋಗುವುದಿಲ್ಲವೆಂದು ಯಾರೂ ಹೇಳಲಾರರು. ಕರೆಂಟು ಹೋದಾಗ ಕೀಲಿ ಮತ್ತು ಸೆನ್ಸರ್ ಎರಡೂ ತಮ್ಮ ಸೆಲ್ಲಿನಿಂದ ನಡೆಯುತ್ತವೆ. ಸುದ್ದಿಯನ್ನು ಹೊರಗೆ ಒಯ್ಯುವ ಪೆಟ್ಟಿಗೆ ಮಾತ್ರ ಆರುತ್ತದೆ. ಸೆನ್ಸರನ್ನು ನಂಬಿ ಮನೆ ಬಿಡುವವರು ಆ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿ ಬೆಂಬಲ ಕೊಡಿಸಬೇಕು. ಅದರ ಖರ್ಚನ್ನೂ ಸೆನ್ಸರಿನ ಬೆಲೆಗೆ ಕೂಡಿಸಿ ಲೆಕ್ಕ ಹಾಕಿ.

ಸುದ್ದಿ ಬಾರದಿರುವುದೂ ಬಾಗಿಲು ಮುಚ್ಚಿರುವುದೂ ಒಂದೇ ಅಲ್ಲವೆಂಬುದನ್ನು ಮನೆಯವರೆಲ್ಲ ತಿಳಿದಿರಬೇಕು. ಸೆಲ್ಲು ಮುಗಿದ ಸೆನ್ಸರೂ ಸುಮ್ಮನಿರುತ್ತದೆ, ಮುಚ್ಚಿದ ಬಾಗಿಲೂ ಸುಮ್ಮನಿರುತ್ತದೆ. ಆದುದರಿಂದ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಬಾಗಿಲು ತೆರೆದು ಮುಚ್ಚಿ ಸುದ್ದಿ ಬರುತ್ತದೆಯೇ ಎಂದು ಪರೀಕ್ಷಿಸಿ. ಸೆಲ್ಲು ಬದಲಿಸಿದ ತಾರೀಖನ್ನು ಪೆಟ್ಟಿಗೆಯ ಹಿಂದೆ ಬರೆದಿಡಿ. ಸ್ಮಾರ್ಟ್ ಲಾಕಿನೊಡನೆ ಬಂದ ಹಳೆಯ ಬಗೆಯ ಕೀಲಿಕೈಯನ್ನು ಮನೆಯೊಳಗಿನ ಕಪಾಟಿನಲ್ಲಿ ಇಡಬೇಡಿ. ಅದು ಬೇಕಾಗುವುದು ನೀವು ಹೊರಗೆ ನಿಂತಾಗ.

ಇಷ್ಟೆಲ್ಲ ಹೇಳಿದ ಮೇಲೂ ಬೇಕೋ ಬೇಡವೋ ಎಂಬ ಅನುಮಾನ ಉಳಿದಿದ್ದರೆ, ದುಡ್ಡಿಲ್ಲದ ಒಂದು ಪರೀಕ್ಷೆ ಇದೆ. ಬಾಗಿಲ ಪಕ್ಕದ ಮೊಳೆಗೆ ಒಂದು ನೋಟು ಪುಸ್ತಕವನ್ನೂ ಪೆನ್ಸಿಲನ್ನೂ ಕಟ್ಟಿ ತೂಗುಹಾಕಿ. ಮುಚ್ಚಿರಬೇಕಾದ ಹೊತ್ತಿನಲ್ಲಿ ಬಾಗಿಲು ತೆರೆದದ್ದನ್ನು ಯಾರು ಕಂಡರೂ ಹೊತ್ತನ್ನು ಬರೆಯಲಿ. ಅದರ ಪಕ್ಕದಲ್ಲಿ, ಆಗ ಎದ್ದು ಹೋಗಿ ಮುಚ್ಚಿದವರು ಯಾರೆಂದೂ ಬರೆಯಲಿ. ಹದಿನೈದು ದಿನ ಹೀಗೆ ನಡೆಯಲಿ. ಮೊದಲ ಸಾಲು ಖಾಲಿಯಾಗಿ ಉಳಿದರೆ ನಿಮ್ಮ ಮನೆಯವರು ಬಾಗಿಲು ಹಾಕುವವರು, ಸೆನ್ಸರ್ ಬೇಡ. ಎರಡು ಸಾಲೂ ತುಂಬಿದರೆ ತಡಮಾಡದೆ ಕೊಳ್ಳಿ. ಮೊದಲ ಸಾಲು ತುಂಬಿ ಎರಡನೆಯದು ಖಾಲಿ ಇದ್ದರೆ, ಸೆನ್ಸರ್ ಕೊಳ್ಳುವ ಮುನ್ನ, ಕರೆದರೆ ಎದ್ದು ಬರುವ ಒಬ್ಬ ನೆರೆಯವರನ್ನು ಸಂಪಾದಿಸಿ.